ಅರ್ಧ ಖಾರ ಬನ್ನು

ಹೋದ ತಿಂಗಳು ಹಳೆಯ ಪರಿಚಯದವರೊಬ್ಬರ ಗೃಹಪ್ರವೇಶಕ್ಕೆಂದು ಶಿವಮೊಗ್ಗಕ್ಕೆ ಹೋಗಿದ್ದೆ. ಊಟ ಮುಗಿಸಿ, ಸಂಜೆ ಬಸ್ ಸ್ಟ್ಯಾಂಡಿನ ಕಡೆ ಹೊರಟವಳು ರವೀಂದ್ರನಗರದ ಒಂದು ತಿರುವಿನಲ್ಲಿ ನಿಂತುಬಿಟ್ಟೆ. ಖಾರ ಬನ್ನಿನ ವಾಸನೆ. ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಮೈದಾಹಿಟ್ಟಿನೊಳಗೆ ಬೆಂದು ಹೊರಬರುವ ಬಿಸಿ ವಾಸನೆ. ಹೊಟ್ಟೆ ಬಿರಿಯುವಷ್ಟು ಹೋಳಿಗೆ ತಿಂದು ಬಂದಿದ್ದರೂ ಬಾಯಲ್ಲಿ ನೀರೂರಿತು. ಅದರ ಹಿಂದೆಯೇ ದುಃಖವೂ ಬಂತು.

ಬೇಕರಿ ಅಲ್ಲೇ ಇತ್ತು. ಬೋರ್ಡು ಬದಲಾಗಿದೆ, ಗಾಜಿನ ಕಪಾಟು ಬಂದಿದೆ. ಮೇಲಿನ ಮಹಡಿಯಲ್ಲಿ ಈಗ ಟ್ಯೂಷನ್ ಸೆಂಟರು. ಎರಡು ಸಾವಿರದ ಮೂರನೇ ಇಸವಿಯಲ್ಲಿ ಆ ಮಹಡಿಯಲ್ಲಿ ಒಂದು ಜಿಮ್ ಇತ್ತು, ಅಲ್ಲಿ ಹೆಂಗಸರ ಬ್ಯಾಚಿಗೆ ನಾನು ಟ್ರೈನರ್. ಬೇಕರಿಯ ನೆತ್ತಿಯ ಮೇಲೆ ಜಿಮ್ ತೆರೆದ ಪುಣ್ಯಾತ್ಮನ ಬುದ್ಧಿಗೆ ಏನು ಹೇಳಬೇಕೋ! ಕೆಳಗೆ ಬೆಣ್ಣೆ ಬಿಸ್ಕತ್ತು ಬೇಯುತ್ತಿತ್ತು, ಮೇಲೆ ಹೆಂಗಸರು ಸೊಂಟಕ್ಕೆ ಬೆಲ್ಟು ಹಾಕಿಕೊಂಡು ಗಡಗಡ ನಡುಗುತ್ತಿದ್ದರು. ಆ ಬೆಲ್ಟಿನ ಮೆಷಿನ್ನಿನಿಂದ ಯಾರ ಬೊಜ್ಜೂ ಒಂದು ಕೂದಲಿನಷ್ಟು ಕರಗಿದ್ದು ನಾನು ಕಾಣೆ. ಆದರೂ ಅದಕ್ಕೇ ಕ್ಯೂ. "ಮೇಡಂ, ಆ ಕಿಟಕಿ ಹಾಕಿ ಮಾರಾಯ್ತಿ, ಇಲ್ದಿದ್ರೆ ನಾನು ಕೆಳಗೆ ಇಳಿದು ಹೋಗ್ತೀನಿ" ಎಂದು ಯಾರಾದರೊಬ್ಬರು ದಿನಾ ಕೂಗುತ್ತಿದ್ದರು.

ನಾನು ಭದ್ರಾವತಿಯವಳು. ಅಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದವರು. ನಮ್ಮ ಕ್ವಾರ್ಟರ್ಸಿನ ಎಡಗಡೆ ಮನೆ ತಮಿಳರದು, ಬಲಗಡೆಯದು ತೆಲುಗರದು. ಮೂರು ಮನೆಯ ಸಾರಿನ ವಾಸನೆಯೂ ಒಂದೇ ಓಣಿಯಲ್ಲಿ ಬೆರೆಯುತ್ತಿತ್ತು. ಅಲ್ಲಿನ ಕ್ಲಬ್ಬಿನಲ್ಲಿ ಭಾರ ಎತ್ತುವುದನ್ನು ಕಲಿಸುತ್ತಿದ್ದ ತಮಿಳು ಮಾಸ್ತರು ನನ್ನ ಹೆಗಲು ನೋಡಿ, "ಈ ಪೊಣ್ಣು ಎತ್ತುತ್ತೆ, ನೀವು ಸುಮ್ನೆ ಇರಿ" ಎಂದು ಅಪ್ಪನನ್ನು ಒಪ್ಪಿಸಿದ್ದರು. ಮಂಡಿ ಕೈಕೊಡುವವರೆಗೆ ಎತ್ತಿದೆ. ಆಮೇಲೆ ಎಲ್ಲ ಒಂದರ ಹಿಂದೆ ಒಂದರಂತೆ ಆಯಿತು. ಅಪ್ಪ ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡರು, ವರ್ಷದೊಳಗೆ ತೀರಿಕೊಂಡರು. ಕ್ವಾರ್ಟರ್ಸ್ ಬಿಡಬೇಕಾಯಿತು. ಅಮ್ಮ ದಾವಣಗೆರೆಯ ಅಕ್ಕನ ಮನೆಗೆ ಹೋದಳು. ಕೆಲಸ ಇತ್ತಲ್ಲ, ನಾನು ಉಳಿದೆ.

ಮಲವಗೊಪ್ಪದಲ್ಲಿ ಒಂದು ಕೋಣೆ ಸಿಕ್ಕಿತು. ಇತ್ತ ಶಿವಮೊಗ್ಗವೂ ಅಲ್ಲ, ಅತ್ತ ಭದ್ರಾವತಿಯೂ ಅಲ್ಲ. ನನಗೂ ಆಗ ಇಪ್ಪತ್ತೊಂಬತ್ತು, ಹುಡುಗಿಯೂ ಅಲ್ಲ, ಯಾರ ಮನೆಯ ಹೆಂಗಸೂ ಅಲ್ಲ. ಶನಿವಾರ ಸಂಜೆ ಜಿಮ್ಮಿನ ಬಾಗಿಲು ಎಳೆದರೆ ಸೋಮವಾರ ಬೆಳಿಗ್ಗೆ ಕಂಡಕ್ಟರ್ "ಟಿಕೆಟ್" ಎನ್ನುವವರೆಗೆ ನನ್ನನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಭಾನುವಾರ ಕಿಟಕಿಯಲ್ಲಿ ಕೂತು ಮಾಚೇನಹಳ್ಳಿಯ ಕಡೆ ಹೋಗುವ ಲಾರಿಗಳನ್ನು ನೋಡುತ್ತಿದ್ದೆ. ಅನ್ನ ಮಾಡಿದರೆ ತಟ್ಟೆಗೂ ಹಾಕಿಕೊಳ್ಳದೆ ಪಾತ್ರೆಯಲ್ಲೇ ಮೊಸರು ಕಲಸಿ ನಿಂತುಕೊಂಡು ತಿನ್ನುತ್ತಿದ್ದೆ. ಒಬ್ಬಳಿಗೆ ತಟ್ಟೆ ಯಾಕೆ, ಅದನ್ನು ತೊಳೆಯುವವರು ಯಾರು ಎನ್ನುವ ಸೋಮಾರಿತನ ಎಂದುಕೊಂಡಿದ್ದೆ. ಸೋಮಾರಿತನ ಅಲ್ಲ, ತಟ್ಟೆ ಹಾಕಿಕೊಂಡು ಕೂತರೆ ಎದುರಿಗೆ ಯಾರೂ ಇಲ್ಲ ಎನ್ನುವುದು ಕಾಣುತ್ತಿತ್ತು.

ಜಿಮ್ಮಿನಲ್ಲಿ ನಾನು ತಂದ ಒಂದು ಪದ್ಧತಿ ಇತ್ತು. ಸೋಮವಾರ ತೂಕದ ದಿನ. ಬಂದವರೆಲ್ಲ ಚಪ್ಪಲಿ ಬಿಟ್ಟು ಕಾಟಾದ ಮೇಲೆ ನಿಲ್ಲಬೇಕು. ತೂಕವನ್ನು ನಾನು ಕರಿಹಲಗೆಯ ಮೇಲೆ ಹೆಸರಿನ ಮುಂದೆ ಬರೆಯುತ್ತಿದ್ದೆ. ವಾರದಲ್ಲಿ ಹೆಚ್ಚು ಇಳಿಸಿದವರಿಗೆ ಹಳದಿ ಸೀಮೆಸುಣ್ಣದಲ್ಲಿ ಒಂದು ನಕ್ಷತ್ರ. ಭಾರ ಎತ್ತುವವರ ಲೋಕದಿಂದ ಬಂದವಳಿಗೆ ತೂಕ ಎಂದರೆ ಬರೀ ಅಂಕೆ, ಬಚ್ಚಿಡುವಂಥದ್ದೇನಿದೆ ಅದರಲ್ಲಿ ಎಂದುಕೊಂಡಿದ್ದೆ.

ಭಾರತಿ ಬಂದದ್ದು ಶಿವರಾತ್ರಿಯ ಮರುವಾರ. ಇಪ್ಪತ್ತಮೂರು ವರ್ಷ. ಕಾಲೇಜೊಂದರ ಲೈಬ್ರರಿಯಲ್ಲಿ ತಾತ್ಕಾಲಿಕ ಕೆಲಸ. ತಂದೆ ಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು, ಕೇಳಿಕೊಂಡು ಬಂದವರಿಗೆ ಪಂಚಾಂಗ ನೋಡಿ ಮುಹೂರ್ತವನ್ನೂ ಇಟ್ಟುಕೊಡುತ್ತಿದ್ದರು. ಬಡಾವಣೆಯವರಿಗೆಲ್ಲ ಅವರು ಶಾಸ್ತ್ರಿಗಳು. ತಾಯಿ ಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ. ಬಂದಾಗ ಅವಳೇನೂ ದಪ್ಪ ಇರಲಿಲ್ಲ. ಕೆನ್ನೆ ತುಂಬಿಕೊಂಡ ಹುಡುಗಿ, ಅಷ್ಟೆ. ಹೇಳಿದ್ದನ್ನು ಹೇಳಿದಷ್ಟೂ ಮಾಡುವಳು. ಹತ್ತು ಎಂದರೆ ಹದಿನೈದು ಮಾಡುವಳು. ಬೆಲ್ಟಿನ ಮೆಷಿನ್ನಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಇಂಥ ಶಿಷ್ಯೆ ಸಿಕ್ಕರೆ ಯಾವ ಟ್ರೈನರಿಗೆ ಖುಷಿಯಾಗುವುದಿಲ್ಲ ಹೇಳಿ. ಸತತ ಐದು ಸೋಮವಾರ ಹಳದಿ ನಕ್ಷತ್ರ ಅವಳಿಗೇ ಹೋಯಿತು. ಉಳಿದವರಿಗೆ ಅವಳನ್ನು ತೋರಿಸಿ ಹಂಗಿಸುತ್ತಿದ್ದೆ ಕೂಡ. "ನೋಡಿ ಕಲೀರಿ. ನೀವು ಇಲ್ಲಿ ಇಳಿಸಿದ್ದನ್ನ ಕೆಳಗೆ ಶೇಷಣ್ಣನ ಬೇಕರೀಲಿ ಏರಿಸ್ಕೊಂಡು ಹೋಗ್ತೀರಿ."

ಇನ್ನೊಂದು ದಿನ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಕರೆಂಟು ಹೋಗಿತ್ತು. ಎಲ್ಲರೂ ಚಾಪೆಯ ಮೇಲೆ ಕೂತು ಹರಟುತ್ತಿದ್ದಾಗ ನಾನು ನನ್ನ ಕಾಲದ ಕಥೆ ತೆಗೆದೆ. ಸ್ಪರ್ಧೆಗೆ ಮುಂಚೆ ತೂಕ ನೋಡುತ್ತಾರೆ, ನಮ್ಮ ವರ್ಗದ ಮಿತಿಗಿಂತ ಒಂದು ಚೂರು ಹೆಚ್ಚಿದ್ದರೂ ಹೊರಗೆ. ಅದಕ್ಕೆ ಮಾಸ್ತರು ಸುಡುಬಿಸಿಲಿನಲ್ಲಿ ಎರಡೆರಡು ಸ್ವೆಟರ್ ತೊಡಿಸಿ ಕಾರ್ಖಾನೆಯ ಕಾಂಪೌಂಡಿನ ಸುತ್ತ ಓಡಿಸಿದ್ದು, ನಾಲಿಗೆ ಒಣಗಿ ನಾನು ನಲ್ಲಿಯನ್ನು ನೋಡಿ ಅತ್ತಿದ್ದು, ತೂಕ ಮುಗಿದ ಕೂಡಲೇ ಆರು ಇಡ್ಲಿ ನುಂಗಿದ್ದು. ಹೆಂಗಸರು ಬಿದ್ದು ಬಿದ್ದು ನಕ್ಕರು. ಭಾರತಿ ನಗಲಿಲ್ಲ, ಕೇಳಿಸಿಕೊಂಡಳು. ಯುಗಾದಿಯಾಗಿ ವಾರ ಕಳೆದಿರಲಿಲ್ಲ, ಹೆಂಚು ಕಾದಂಥ ಬಿಸಿಲು. ಅವಳು ಚೂಡಿದಾರದ ಮೇಲೆ ನೀಲಿ ಉಲ್ಲನ್ ಸ್ವೆಟರ್ ತೊಟ್ಟು ಮೆಟ್ಟಿಲು ಹತ್ತಿ ಬಂದಳು.

"ಏನೇ ಇದು, ಕೊಡಚಾದ್ರಿಗೆ ಹೊರಟಿದ್ದೀಯಾ?" ಎಂದು ತಮಾಷೆ ಮಾಡಿದೆ.

"ಚಳಿ ಮೇಡಂ" ಎಂದಳು. ಕೈ ಮುಟ್ಟಿದೆ. ನಿಜವಾಗಿಯೂ ತಣ್ಣಗಿತ್ತು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಅವಳು ಎದ್ದ ಚಾಪೆಯ ಮೇಲೆ ಉದ್ದುದ್ದ ಕೂದಲು. ನೆಟಿಗೆ ತೆಗೆದರೆ ನೋಯುತ್ತದೇನೋ ಎನ್ನುವಂಥ ಬೆರಳು. ಮೊದಲೆಲ್ಲ ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದವಳು ಗೋಡೆ ಹಿಡಿದು ಹತ್ತುತ್ತಿದ್ದಳು. ಏನಾದರೂ ತಿಂದೆಯಾ ಎಂದರೆ ಉತ್ತರ ಸಿದ್ಧ. ಸೋಮವಾರ ಈಶ್ವರನಿಗೆ ಉಪವಾಸ, ಗುರುವಾರ ರಾಯರಿಗೆ, ಶನಿವಾರ ಹನುಮಂತನಿಗೆ. ಉಳಿದ ದಿನ ಸಂಕಷ್ಟಿ, ಪ್ರದೋಷ, ಏಕಾದಶಿ. ಶಾಸ್ತ್ರಿಗಳ ಮಗಳು ಉಪವಾಸ ಮಾಡಬೇಡ ಎನ್ನಲು ನಾನ್ಯಾರು? ದೇವರ ಹೆಸರು ಬಂದ ಮೇಲೆ ನಮ್ಮ ಕಡೆ ಯಾರ ಬಾಯೂ ಏಳುವುದಿಲ್ಲ.

ಗುಟ್ಟು ಬಯಲು ಮಾಡಿದವರು ಬೇಕರಿಯ ಶೇಷಣ್ಣ. ಹಾಸನದ ಕಡೆಯವರು, ಆಚಾರವಂತರು. ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ ಏಕಾದಶಿಗಳಿಗೆ ಕೆಂಪು ಸುತ್ತು ಹಾಕಿಟ್ಟುಕೊಂಡಿದ್ದರು. ಒಂದು ಸಂಜೆ ನಾನು ಬನ್ನು ತಿನ್ನುತ್ತಾ, "ಭಾರತಿಗೂ ಒಂದು ಕೊಡಿಸೋಣ ಅಂದ್ರೆ ಇವತ್ತು ಏಕಾದಶಿಯಂತೆ" ಎಂದೆ.

ಶೇಷಣ್ಣ ತಿರುಗಿ ಕ್ಯಾಲೆಂಡರ್ ನೋಡಿದರು. "ಇವತ್ತಾ? ಇವತ್ತು ಎಂತದೂ ಇಲ್ವಲ್ಲಮ್ಮ. ನಮಗೂ ಶಾಸ್ತ್ರಿಗಳ ಮನೆಯವರಿಗೂ ಏಕಾದಶಿ ಒಂದು ದಿನ ಹಿಂದೆ ಮುಂದೆ ಆಗೋದುಂಟು, ಒಪ್ಕೋತೀನಿ. ಆದ್ರೆ ತಿಂಗಳಿಗೆ ಇರೋದು ಎರಡೇ. ಆ ಮಗು ಹೋದ ವಾರಾನೂ ನನ್ನ ಹತ್ರ ಏಕಾದಶಿ ಅಂತ್ಲೇ ಹೇಳ್ತು."

ನಾನು ಅರ್ಧ ತಿಂದ ಬನ್ನನ್ನು ಕಾಗದದಲ್ಲಿ ಸುತ್ತಿ ಮೇಲೆ ಹೋದೆ. ಬ್ಯಾಚ್ ಮುಗಿದು ಎಲ್ಲರೂ ಹೋಗಿದ್ದರು. ಭಾರತಿ ಒಬ್ಬಳೇ ಸೈಕಲ್ ತುಳಿಯುತ್ತಿದ್ದಳು. ಕೈಹಿಡಿದು ಇಳಿಸಿ, ಮೆಟ್ಟಿಲ ಮೇಲೆ ಕೂರಿಸಿ, "ಶೇಷಣ್ಣನ ಕ್ಯಾಲೆಂಡರ್ ನೋಡ್ಕೊಂಡು ಬಂದೆ" ಎಂದೆ.

ಅವಳು ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡಳು. ಆಮೇಲೆ ಹೇಳಿದಳು. "ನಂಗೆ ತಿನ್ನಕ್ಕಾಗಲ್ಲ. ತಿನ್ನಬೇಕು ಅಂತಾನೇ ಕೂತ್ಕೋತೀನಿ. ತಟ್ಟೆ ನೋಡಿದ್ರೆ ಕೈ ಮುಂದೆ ಬರಲ್ಲ. ಯಾರಾದ್ರೂ ನೋಡ್ತಿದ್ರಂತೂ ಆಗೋದೇ ಇಲ್ಲ."

"ಮನೇಲಿ ಅಪ್ಪ ಕೇಳಲ್ವಾ?"

"ಅಪ್ಪಂಗೆ ಬಡಿಸಿ ಆಮೇಲೆ ನಾನು ಊಟ ಮಾಡೋದು. ಅಮ್ಮನೂ ಹಂಗೇ ಮಾಡ್ತಿದ್ಲು. ಬಡಿಸೋರು ತಿಂದ್ರೋ ಬಿಟ್ರೋ ಅಂತ ಯಾರು ನೋಡ್ತಾರೆ ಮೇಡಂ."

ಇದಕ್ಕೊಂದು ಹೆಸರಿದೆ, ಇದು ಕಾಯಿಲೆ, ಇದಕ್ಕೆ ಡಾಕ್ಟರು ಇದ್ದಾರೆ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಹಟ ಎಂದುಕೊಂಡೆ. ಹಟವಾದರೆ ನಾನು ಎತ್ತಿ ಬಿಸಾಡಬಲ್ಲೆ ಎಂದುಕೊಂಡೆ. ಅಲ್ಲೇ ಎದ್ದು ಹೋಗಿ ಒದ್ದೆ ಬಟ್ಟೆಯಿಂದ ಕರಿಹಲಗೆ ಒರೆಸಿದೆ, ಹೆಸರು, ಅಂಕೆ, ನಕ್ಷತ್ರ ಎಲ್ಲ. ಕಾಟಾವನ್ನು ಅಟ್ಟಕ್ಕೆ ಎಸೆದೆ. ವಾಪಸ್ಸು ಬಂದು, "ಇನ್ನು ಮೇಲೆ ಒಂದು ಬನ್ನು ತರಿಸ್ತೀನಿ. ಅರ್ಧ ನಂದು, ಅರ್ಧ ನಿಂದು. ಅದನ್ನ ತಿಂದ್ರೆ ಮಾತ್ರ ಮೇಲೆ ಹತ್ತಕ್ಕೆ ಬಿಡೋದು" ಎಂದೆ.

"ಅದರಲ್ಲಿ ಈರುಳ್ಳಿ ಇರತ್ತೆ."

ಶೇಷಣ್ಣನಿಗೆ ಹೇಳಿ ಈರುಳ್ಳಿ ಹಾಕದ ಬನ್ನು ಮಾಡಿಸಿದೆ. ಆ ನೆಪವೂ ಹೋಯಿತು. ಕೊನೆಗೆ ಅವಳು ಎರಡು ಷರತ್ತು ಹಾಕಿದಳು. ಒಂದು, ಅಪ್ಪನಿಗೆ ಹೇಳಬಾರದು, ತಲೆ ಮುಟ್ಟಿ ಆಣೆ ಮಾಡಬೇಕು. ಮಾಡಿದೆ. ಇನ್ನೊಂದು, "ನಾನು ತಿನ್ನೋವಾಗ ನೀವು ನೋಡ್ಬೇಡಿ ಅಕ್ಕ. ಆ ಕಡೆ ತಿರುಗಿ." ಅಕ್ಕ ಎಂದದ್ದು ಅದೇ ಮೊದಲು.

ಹೀಗೆ ಶುರುವಾಯಿತು. ದಿನಾ ನಾಲ್ಕೂವರೆಗೆ ಶೇಷಣ್ಣ ಬನ್ನನ್ನು ಚಾಕುವಿನಿಂದ ಸರಿಯಾಗಿ ಎರಡು ಮಾಡಿ, ಬೇರೆ ಬೇರೆ ಕಾಗದದಲ್ಲಿ ಸುತ್ತಿಕೊಡುತ್ತಿದ್ದರು. ನಾವು ಮೆಟ್ಟಿಲ ಮಧ್ಯದ ತಿರುವಿನಲ್ಲಿ ಕೂರುತ್ತಿದ್ದೆವು. ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ, ಅವಳು ನನ್ನ ಬೆನ್ನಿಗೆ ಬೆನ್ನು ಕೊಡುತ್ತಿದ್ದಳು. ಸ್ವೆಟರಿನ ಒಳಗಿಂದ ಅವಳ ಬೆನ್ನುಮೂಳೆಯ ಗಂಟುಗಳು ನನಗೆ ತಾಕುತ್ತಿದ್ದವು. ಬೆನ್ನು ಹಾಗಿದ್ದರೂ ಬಾಯಿ ಮಾತ್ರ ಚುರುಕು. ಲೈಬ್ರರಿಯಲ್ಲಿ ಪುಸ್ತಕದ ಹಾಳೆ ಹರಿಯುವ ಹುಡುಗರ ಕಥೆ, ಅಪ್ಪ ಕನ್ನಡಕ ತಲೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವ ಕಥೆ. ನಾನು ಗೋಡೆಯ ಸುಣ್ಣದಲ್ಲಿದ್ದ ಬಿರುಕುಗಳನ್ನು ನೋಡುತ್ತಾ ನಗುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ "ಆಯ್ತಕ್ಕ" ಎನ್ನುತ್ತಿದ್ದಳು. ತಿರುಗಿದರೆ ಕೈ ಖಾಲಿ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಹದಿನೈದು ನಿಮಿಷಕ್ಕಾಗಿ ನಾನು ದಿನವಿಡೀ ಕಾಯುತ್ತಿದ್ದೆ. ಇಡೀ ದಿನದಲ್ಲಿ ನಾನು ಇನ್ನೊಬ್ಬರ ಜೊತೆ ತಿನ್ನುತ್ತಿದ್ದ ತುತ್ತು ಅದೊಂದೇ. ಬಸ್ಸಿನಲ್ಲಿ ಮಲವಗೊಪ್ಪಕ್ಕೆ ಹೋಗುವಾಗ ಅವಳು ಹೇಳಿದ್ದನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದೆ. ಭಾನುವಾರಗಳು ಇನ್ನೂ ಉದ್ದವಾದವು. ಅವಳ ಸ್ವೆಟರ್ ದಿನದಿಂದ ದಿನಕ್ಕೆ ದೊಗಲೆಯಾಗುತ್ತಿರುವುದು ನನಗೆ ಕಾಣಲಿಲ್ಲವೇ? ಕಂಡಿತ್ತು. ತಿನ್ನುತ್ತಿದ್ದಾಳಲ್ಲ, ನಿಧಾನವಾಗಿ ಸರಿಹೋಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಯಾರಿಗಾದರೂ ಹೇಳಿದರೆ ಅವಳು ಬರುವುದು ನಿಲ್ಲುತ್ತಿತ್ತು. ಅವಳ ಗುಟ್ಟು ಕಾಯುತ್ತಿದ್ದೇನೆ ಎಂದುಕೊಂಡು ನಾನು ನನ್ನ ಜೊತೆಗಾತಿಯನ್ನು ಕಾಯ್ದುಕೊಳ್ಳುತ್ತಿದ್ದೆ.

ಜೂನ್ ಕೊನೆಯಲ್ಲಿ ಮಳೆ ಹಿಡಿಯಿತು. ಒಂದು ಶನಿವಾರ ಮೀಟರ್ ನೋಡುವವನು ಬಂದು ಮೆಟ್ಟಿಲ ತಿರುವಿನ ಮರದ ಪೆಟ್ಟಿಗೆ ತೆರೆದವನೇ, "ಏನ್ರೀ ಮೇಡಂ ಇದು, ಇರುವೆ ಗೂಡು ಸಾಕಿದ್ದೀರಾ?" ಎಂದು ಕೂಗಿದ. ಹೋಗಿ ನೋಡಿದೆ. ಮೀಟರಿನ ಹಿಂದೆ, ವಯರುಗಳ ಸಂದಿಯಲ್ಲಿ, ಶೇಷಣ್ಣನ ಕಾಗದದ ಪೊಟ್ಟಣಗಳು. ಒಂದರ ಮೇಲೊಂದು ತುರುಕಿದ್ದವು. ಬಿಚ್ಚಿದರೆ ಅರ್ಧ ಬನ್ನು. ಕೆಲವು ಕಲ್ಲಾಗಿದ್ದವು, ಕೆಲವಕ್ಕೆ ಹಸಿರು ಬೂಷ್ಟು, ಕೆಲವು ಮೊನ್ನೆ ಮೊನ್ನೆಯವು. ಒಂದೊಂದರಲ್ಲಿ ಅಂಚಿನ ಸಣ್ಣ ತುಣುಕು ಮುರಿದಿತ್ತು. ಅಂದರೆ ಆ ದಿನ ಪ್ರಯತ್ನ ಮಾಡಿದ್ದಾಳೆ.

ನನ್ನ ಬೆನ್ನ ಹಿಂದೆ, ಕೈಯಳತೆಯಲ್ಲಿ, ನನ್ನನ್ನು ನಗಿಸುತ್ತಲೇ ತುರುಕಿದ್ದಾಳೆ. ಮೊದಲು ಕೆಟ್ಟ ಸಿಟ್ಟು ಬಂತು. ಆಮೇಲೆ ಆ ತುಣುಕುಗಳನ್ನು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತೆ. ಮೀಟರಿನವನು ಏನು ಮಾಡಬೇಕೆಂದು ತಿಳಿಯದೆ, "ಇರುವೆ ಪುಡಿ ಸಿಗುತ್ತೆ ಮೇಡಂ, ಹಾಕಿದ್ರೆ ಹೋಗುತ್ತೆ" ಎಂದು ಹೇಳಿ ಹೋದ.

ಮರುದಿನ ಭಾನುವಾರ. ಮಧ್ಯಾಹ್ನ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಶಾಸ್ತ್ರಿಗಳು ನಡುಮನೆಯಲ್ಲಿ ಮಣೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಭಾರತಿ ಸೌಟು ಹಿಡಿದು ಸಾರು ಬಡಿಸುತ್ತಿದ್ದಳು. ನನ್ನನ್ನು ಕಂಡವಳೇ ಬಿಳಿಚಿಕೊಂಡಳು.

"ಓಹೋ, ಜಿಮ್ಮಿನ ಮೇಡಂ ಅಲ್ವೇ? ಬನ್ನಿ ಅಮ್ಮ ಬನ್ನಿ" ಎಂದರು ಶಾಸ್ತ್ರಿಗಳು. "ದಿನಾ ನಿಮ್ಮದೇ ಮಾತು ಇವಳಿಗೆ. ಸರಿಯಾದ ಹೊತ್ತಿಗೆ ಬಂದಿದ್ದೀರಿ, ಊಟಕ್ಕೇಳಿ. ಭಾರತಿ, ತಟ್ಟೆ ಹಾಕು."

"ಭಾರತಿ ಕೂತ್ರೆ ನಾನೂ ಕೂರ್ತೀನಿ ಸಾರ್."

"ಅವಳು ಆಮೇಲೆ ಮಾಡ್ತಾಳೆ. ಬಡಿಸೋರು ಬೇಕಲ್ಲ."

"ನಾನು ಬಡಿಸ್ತೀನಿ. ಅವಳು ಕೂರಲಿ."

ಅವರಿಗೆ ಅರ್ಥವಾಗಲಿಲ್ಲ, ನಕ್ಕರು. ಭಾರತಿ ನನ್ನ ಮುಖವನ್ನೇ ನೋಡುತ್ತಾ, "ನಂಗೆ ಇವತ್ತು ಉಪವಾಸ" ಎಂದಳು.

"ಉಪವಾಸವೇ?" ಶಾಸ್ತ್ರಿಗಳ ತುತ್ತು ಅಲ್ಲೇ ನಿಂತಿತು. "ಇವತ್ತು ಏನೂ ಇಲ್ವಲ್ಲ ಮಗು. ಇವತ್ತು ತದಿಗೆ."

ಊರಿಗೆಲ್ಲ ತಿಥಿ ಹೇಳುವವರಿಗೆ ಅವರ ಮನೆಯ ಉಪವಾಸ ಗೊತ್ತಿರಲಿಲ್ಲ. ನಾನು ಬಾಗಿಲಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ನಕ್ಷತ್ರದಿಂದ ಹಿಡಿದು, ನನ್ನ ಸ್ವೆಟರಿನ ಕಥೆ, ಮೀಟರ್ ಪೆಟ್ಟಿಗೆಯವರೆಗೆ. ನನ್ನ ತಪ್ಪನ್ನೂ ಬಿಡಲಿಲ್ಲ. ಭಾರತಿ ಅಲುಗಾಡದೆ ನಿಂತಿದ್ದಳು. ಶಾಸ್ತ್ರಿಗಳು ಎಂಜಲು ಕೈಯಲ್ಲೇ ಎದ್ದು ಬಂದರು. ಊಟದ ಮಧ್ಯೆ ಏನನ್ನೂ ಮುಟ್ಟಬಾರದೆನ್ನುವ ತಲೆಮಾರಿನ ಮನುಷ್ಯ ಆ ಎಂಜಲು ಕೈಯಿಂದಲೇ ಸೌಟು ಹಿಡಿದಿದ್ದ ಮಗಳ ಕೈಯನ್ನು ಹಿಡಿದು, ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿದರು. ಮೊಣಕೈಯವರೆಗೆ ನೋಡಿದರು. ಸಾರು ನೆಲದ ಮೇಲೆ ಚೆಲ್ಲಿತು.

"ಇದು ನಿಮ್ಮಮ್ಮನ ಸ್ವೆಟರ್ ಅಲ್ವೇನೇ" ಎಂದರು.

ಭಾರತಿ ನನ್ನ ಕಡೆ ತಿರುಗಿದಳು. ಅಳಲಿಲ್ಲ, ದನಿ ಏರಿಸಲಿಲ್ಲ. "ಆಣೆ ಮಾಡಿದ್ರಿ. ನಿಮ್ಮನ್ನ ಅಕ್ಕ ಅಂದಿದ್ದೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದಾದ ಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ.

ಸೋಮವಾರ ಶೇಷಣ್ಣ ಎಂದಿನಂತೆ ಬನ್ನನ್ನು ಎರಡು ಮಾಡಿ ಎರಡು ಪೊಟ್ಟಣ ಕೊಟ್ಟರು. ಒಂದು ಸಾಕು ಎನ್ನಲು ಬಾಯಿ ಬರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಕೂತೆ. ಗೋಡೆಯ ಕಡೆ ಮುಖ ಮಾಡಲು ಕಾರಣವೇ ಇರಲಿಲ್ಲ, ಆದರೂ ಹಾಗೆಯೇ ಕೂತೆ. ಬೆನ್ನಿಗೆ ಗಾಳಿ ತಾಕುತ್ತಿತ್ತು. ಆ ಮಳೆಗಾಲದಲ್ಲಿ ನನ್ನಷ್ಟು ಒಂಟಿ ಜೀವ ಎರಡು ಊರುಗಳ ಮಧ್ಯೆ ಇನ್ನೊಂದು ಇತ್ತೋ ಇಲ್ಲವೋ. ಮಾಡಿದ್ದು ಸರಿ ಎಂದು ಗೊತ್ತಿತ್ತು, ಅದರಿಂದ ಕೋಣೆಯಲ್ಲಿ ಮಾತಿಗೆ ಜನ ಸಿಗುವುದಿಲ್ಲವಲ್ಲ. ದಿನಾ ಬಸ್ಸಿಳಿದು ಅವಳ ಬೀದಿಯ ತುದಿಯವರೆಗೆ ಹೋಗಿ ವಾಪಸ್ಸು ಬರುತ್ತಿದ್ದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಾರೆ, ಆಸ್ಪತ್ರೆಯಲ್ಲಿ ಇಟ್ಟಿದ್ದರು, ಮನೆಗೆ ಬಂದಳು ಎಂದು ಶೇಷಣ್ಣನಿಂದ ಚೂರುಪಾರು ಸುದ್ದಿ ಸಿಗುತ್ತಿತ್ತು. ಪೂರ್ತಿ ಯಾರೂ ಹೇಳುತ್ತಿರಲಿಲ್ಲ. ಕೇಳಲು ನನಗೂ ಮುಖವಿರಲಿಲ್ಲ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಜಿಮ್ಮಿನ ಬಾಗಿಲಲ್ಲಿ ಶಾಸ್ತ್ರಿಗಳು ನಿಂತಿದ್ದರು. ಹೆಂಗಸರ ಬ್ಯಾಚ್ ನಡೆಯುತ್ತಿದೆ ಎಂದು ಒಳಗೆ ಕಾಲಿಡದೆ, ಕಣ್ಣೆತ್ತಿಯೂ ನೋಡದೆ, ಒದ್ದೆ ಕೊಡೆ ಹಿಡಿದುಕೊಂಡು ಹೊಸ್ತಿಲಾಚೆ ನಿಂತಿದ್ದರು. ನಾನೇ ಹೊರಗೆ ಹೋದೆ.

"ಇವತ್ತು ದ್ವಾದಶಿ" ಎಂದರು. "ಏಕಾದಶಿ ಮಾಡಿದವರು ದ್ವಾದಶಿ ಬೆಳಿಗ್ಗೆ ಪಾರಣೆ ಮಾಡಲೇಬೇಕು, ಹೊತ್ತು ಮೀರೋ ಹಾಗಿಲ್ಲ. ಊಟ ಮಾಡಿ ಮುಗಿಸದಿದ್ರೆ ಉಪವಾಸಕ್ಕೆ ಫಲವೇ ಇಲ್ಲ. ಅವಳಿಗೆ ಅದನ್ನೇ ಹೇಳಿದೆ. ಇಷ್ಟು ತಿಂಗಳ ಉಪವಾಸ ಬಾಕಿ ಇದೆ ಮಗು, ಅಷ್ಟಕ್ಕೂ ಪಾರಣೆ ಮಾಡಬೇಕು, ನಾನೂ ನಿನ್ನ ಜೊತೆ ಮಾಡ್ತೀನಿ ಅಂತ. ಈಗ ದಿನಾ ನಾನು ಬಡಿಸ್ತೀನಿ, ಇಬ್ಬರೂ ಒಟ್ಟಿಗೆ ಕೂರ್ತೀವಿ. ಕೆಲವು ದಿನ ತಿಂತಾಳೆ. ಕೆಲವು ದಿನ ತಟ್ಟೆ ಮುಂದೆ ಅಳ್ತಾಳೆ, ನಾನೂ ಅಳ್ತೀನಿ. ಡಾಕ್ಟರು ಬಹಳ ಕಾಲ ಹಿಡಿಯುತ್ತೆ ಅಂದಿದ್ದಾರೆ."

"ನನ್ನ ಮೇಲೆ..." ಎಂದು ನಿಲ್ಲಿಸಿದೆ.

"ಸಿಟ್ಟಿದೆ ಅಮ್ಮ. ಬೇಕಾದಷ್ಟಿದೆ. ನಿಮ್ಮ ಹೆಸರು ತೆಗೆದ್ರೆ ತಟ್ಟೆ ದೂಡ್ತಾಳೆ." ಅವರು ಕೊಡೆಯನ್ನು ಒಮ್ಮೆ ಕೊಡವಿದರು. "ಸಿಟ್ಟು ಮಾಡ್ಕೊಳ್ಳೋಕೂ ಮೈಯಲ್ಲಿ ಶಕ್ತಿ ಬೇಕಲ್ವೇ? ಮೊದಲು ಅದೂ ಇರ್ಲಿಲ್ಲ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಮೆಟ್ಟಿಲಿಳಿಯುವಾಗ ತಿರುವಿನಲ್ಲಿ ಒಂದು ಕ್ಷಣ ನಿಂತು ಮೀಟರ್ ಪೆಟ್ಟಿಗೆಯನ್ನು ನೋಡಿದರು. ಮುಟ್ಟಲಿಲ್ಲ. ಇಳಿದು ಹೋದರು.

ದಸರೆಯ ಹೊತ್ತಿಗೆ ಹೆಂಗಸರ ಬ್ಯಾಚ್ ಮುಚ್ಚಿತು. ನನಗೆ ದಾವಣಗೆರೆಯ ಶಾಲೆಯೊಂದರಲ್ಲಿ ಆಟದ ಟೀಚರ್ ಕೆಲಸ ಸಿಕ್ಕಿತು. ಇವತ್ತಿನವರೆಗೂ ನನ್ನ ಶಾಲೆಯ ಮಕ್ಕಳ ತೂಕವನ್ನು ನಾನು ಎಲ್ಲರೆದುರು ಓದಿಲ್ಲ. ಮದುವೆಯಾಗಲಿಲ್ಲ. ಆದರೆ ಊಟಕ್ಕೆ ತಟ್ಟೆ ಹಾಕಿಕೊಳ್ಳುತ್ತೇನೆ, ಕೂತು ತಿನ್ನುತ್ತೇನೆ.

ಹೋದ ತಿಂಗಳು ಆ ಬೇಕರಿಯಲ್ಲಿ ಶೇಷಣ್ಣನ ಜಾಗದಲ್ಲಿ ಅವರ ಮಗ ಇದ್ದ. ನನ್ನ ಗುರುತು ಅವನಿಗೆ ಸಿಗುವ ಮಾತೇ ಇಲ್ಲ. ಒಂದು ಖಾರ ಬನ್ನು ಕೇಳಿದೆ. ಇಡಿಯಾಗಿ ಕೊಟ್ಟ. ಅಷ್ಟರಲ್ಲಿ ಒಂದು ಸ್ಕೂಟರ್ ಬಂದು ನಿಂತಿತು. ನಲವತ್ತರ ಆಚೆಯ ಹೆಂಗಸು, ಹೆಲ್ಮೆಟ್ ತೆಗೆದು ಮೊಳಕೈಗೆ ಸಿಕ್ಕಿಸಿಕೊಂಡು, ಕಿವಿಗೂ ಭುಜಕ್ಕೂ ನಡುವೆ ಮೊಬೈಲ್ ಒತ್ತಿಕೊಂಡೇ ಒಳಬಂದಳು. ಯಾರನ್ನೋ ಬೈಯುತ್ತಿದ್ದಳು. "ಬ್ಯಾಗ್ ಎಲ್ಲಿಟ್ಟೆ ಅಂತ ನನ್ನ ಕೇಳಿದ್ರೆ? ಮಂಚದ ಕೆಳಗೆ ನೋಡು. ನೋಡಿದ್ಯಾ? ಸರಿಯಾಗಿ ನೋಡೋ, ನಿಮ್ಮ ತಾತನ ಹಾಗೆ ಕನ್ನಡಕ ತಲೆ ಮೇಲಿಟ್ಕೊಂಡು ಹುಡುಕ್ಬೇಡ!"

ದನಿ ಕೇಳಿ ತಟ್ಟನೆ ತಿರುಗಿದೆ. ಮುಖ ನೋಡಿದೆ. ಕೆನ್ನೆ ತುಂಬಿಕೊಂಡಿತ್ತು.

ಅವಳು ಬೈಗುಳದ ಮಧ್ಯೆಯೇ ಗಲ್ಲಾದಲ್ಲಿದ್ದ ಶೇಷಣ್ಣನ ಮಗನಿಗೆ ಬೆರಳೆತ್ತಿ ಒಂದು ಎಂದು ತೋರಿಸಿದಳು. ಅವನು ಬಿಸಿ ಖಾರ ಬನ್ನನ್ನು ಕಾಗದದಲ್ಲಿಟ್ಟು ಮುಂದೆ ಸರಿಸಿದ. ಅವಳು ಮಾತಾಡುತ್ತಲೇ ಅದನ್ನೆತ್ತಿ ಕಚ್ಚಿದಳು. ತಿನ್ನುತ್ತಿದ್ದೇನೆ ಎನ್ನುವ ಗಮನವೇ ಇಲ್ಲದೆ, ಬಾಯಿ ತುಂಬ.

ಕರೆಯಬಹುದಿತ್ತು. ಎರಡು ಹೆಜ್ಜೆ ದೂರ. ಅಕ್ಕ ಎನ್ನುತ್ತಿದ್ದಳೋ, ತಟ್ಟೆ ದೂಡಿದ ಹಾಗೆ ದೂಡುತ್ತಿದ್ದಳೋ ಗೊತ್ತಿಲ್ಲ. ಆದರೆ ಅವಳು ತಿನ್ನುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ನಿಂತು ನನ್ನ ಬನ್ನನ್ನು ಮುರಿದೆ. ಬೆನ್ನ ಹಿಂದೆ ಬ್ಯಾಗಿನ ಜಗಳ ನಡೆದೇ ಇತ್ತು. ಆಮೇಲೆ ಸ್ಕೂಟರ್ ಶುರುವಾದ ಸದ್ದು ಕೇಳಿತು.

ತಿರುಗಿದೆ. ಗಲ್ಲಾಪೆಟ್ಟಿಗೆಯ ಮೇಲೆ ಅವಳ ಕಾಗದ ಮುದುಡಿ ಬಿದ್ದಿತ್ತು. ಹುಡುಗ ಅದನ್ನು ಎತ್ತಿ ಬುಟ್ಟಿಗೆ ಹಾಕುವುದರಲ್ಲಿದ್ದ. "ಸ್ವಲ್ಪ ತಾಳಪ್ಪ" ಎಂದು ಅವನ ಕೈಯಿಂದ ತೆಗೆದುಕೊಂಡು ಬಿಚ್ಚಿ ನೋಡಿದೆ. ಎಣ್ಣೆಯ ಕಲೆ ಇತ್ತು, ಒಂದು ಕರಿಬೇವಿನ ಎಲೆ ಇತ್ತು. ಬೇರೇನೂ ಇರಲಿಲ್ಲ.